ಎರಡು ಬೀದಿ ಆಚೆಗೆ ಸರಿದ ಚುಕ್ಕಿಗಳು

ಇಂಥ ಅನುಭವಗಳನ್ನು ಬರೆಯುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ಹತ್ತು ಸಲ ಹೇಳುವಷ್ಟರಲ್ಲಿ ನೆನಪು ನುಣುಪಾಗಿಬಿಡುತ್ತದೆ. ಮೊದಲ ಸಲ ಹೇಳಿದಾಗ ಇಲ್ಲದ ಮಳೆ, ಆರಿಹೋದ ದೀಪ, ಎಲ್ಲೋ ಅಳುವ ನಾಯಿ, ಇವೆಲ್ಲ ಕೇಳುವವರ ಮುಖ ನೋಡಿಕೊಂಡು ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ. ಈಗ ನಾನೇ ಬರೆಯಲು ಕೂತಿದ್ದೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ರಾತ್ರಿ ಇಲ್ಲ. ನಡೆದದ್ದೆಲ್ಲ ಹಗಲಿನಲ್ಲಿ, ಅರ್ಧ ಕಂಪ್ಯೂಟರಿನ ಪರದೆಯ ಮೇಲೆ, ಇನ್ನರ್ಧ ಬಿಟಿಎಂ ಲೇಔಟಿನ ಒಂದು ಅಡುಗೆಮನೆಯಲ್ಲಿ.

ಎರಡು ಸಾವಿರದ ನಂತರದ ಮೊದಲ ಕೆಲವು ವರ್ಷಗಳ ಮಾತು. ಜಯನಗರದಲ್ಲಿ, ಮೇಲೆ ಮನೆಯ ಮಾಲೀಕರು ಕೆಳಗೆ ನಾವು ಎಂಬಂಥ ಬಾಡಿಗೆ ಕಟ್ಟಡದಲ್ಲಿ, ಸಾರ್ವಜನಿಕ ಆರೋಗ್ಯದ ಸಂಶೋಧನೆ ಮಾಡುವ ಒಂದು ಪುಟ್ಟ ಸಂಸ್ಥೆಯಿತ್ತು. ಅಲ್ಲಿ ನನ್ನ ಕೆಲಸ ನಕ್ಷೆ ಮಾಡುವುದು. ಯಾವ ಬೀದಿಯ ಯಾವ ಮನೆಯಲ್ಲಿ ಕಾಯಿಲೆ ಬಂತು ಎಂಬುದನ್ನು ಕೆಂಪು ಚುಕ್ಕಿಗಳಾಗಿ ಇಡುವುದು. ಅದರ ಮೇಲೆ ನೀರಿನ ಕೊಳವೆ, ಚರಂಡಿಗಳ ಗೆರೆಗಳನ್ನು ಹಾಸುವುದು. ಚುಕ್ಕಿಗಳು ಎಲ್ಲಿ ಗುಂಪುಗಟ್ಟಿವೆ, ಆ ಗುಂಪು ಬರೀ ಆಕಸ್ಮಿಕವೇ ಅಲ್ಲವೇ ಎಂದು ಲೆಕ್ಕ ಹಾಕುವುದು. ನಾನು ಗಟ್ಟಿಯಾಗಿ ನಂಬಿದ್ದ ಸಂಗತಿ ಒಂದೇ. ನಕ್ಷೆಗೆ ಆಗಿಹೋದದ್ದು ಮಾತ್ರ ಗೊತ್ತು. ಮುಂದಿನದು ಅದಕ್ಕೆ ಗೊತ್ತಿಲ್ಲ, ಗೊತ್ತಾಗಲು ದಾರಿಯೂ ಇಲ್ಲ.

ಆ ವರ್ಷ ಜೆ.ಪಿ. ನಗರದ ಅಂಚಿನ ಕೆಲವು ಬೀದಿಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತ್ತು. ಕುಡಿಯುವ ನೀರಿನಿಂದ ಹರಡುವ ಬಗೆಯದು. ಹೆಚ್ಚಿನವರು ಕೆಲವು ವಾರ ಹಾಸಿಗೆ ಹಿಡಿದು ಎದ್ದುಬಿಡುತ್ತಾರೆ. ಬಸುರಿಯರಿಗೆ ಮಾತ್ರ ಅದು ಪ್ರಾಣಕ್ಕೆ ಬರಬಹುದು. ಓದುವವರು ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಆ ದಿನಗಳಲ್ಲಿ ನಾವು ಅದನ್ನು ಒಂದು ಗಳಿಗೆಯೂ ಮರೆತಿರಲಿಲ್ಲ.

ಮರೆಯದಿರಲು ಕಾರಣ ನನ್ನ ಸಹೋದ್ಯೋಗಿ ಈರಣ್ಣ. ಗದಗಿನ ಕಡೆಯವನು, ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಇಟ್ಟುಕೊಂಡು ಮನೆಮನೆ ಸುತ್ತುವುದು ಅವನ ಕೆಲಸ. ಹೆಂಡತಿ ಸುವರ್ಣಾಗೆ ಆರನೆಯ ತಿಂಗಳು ಮುಗಿಯುತ್ತಾ ಬಂದಿತ್ತು. ಆಕೆಗೆ ತಾಯಿ ಇರಲಿಲ್ಲ. ಹಾಗಾಗಿ ತವರಿಗೆ ಹೋಗುವ ಮಾತಿಲ್ಲ, ಹೆರಿಗೆ ಇಲ್ಲೇ ಆಗಬೇಕು. ಅವರಿದ್ದದ್ದು ಬಿಟಿಎಂನಲ್ಲಿ ಮೂರನೆಯ ಮಹಡಿಯ ಮೇಲೆ, ಒಂದು ಕೋಣೆ, ಒಂದು ಅಡುಗೆಮನೆ. ಹತ್ತಲು ಹೊರಗಿನಿಂದ ಕಬ್ಬಿಣದ ಸುತ್ತುಮೆಟ್ಟಿಲು. ಹೊಟ್ಟೆ ದೊಡ್ಡದಾದಂತೆ ಕಾಲಿಡುವ ಜಾಗವೇ ಆಕೆಗೆ ಕಾಣಿಸುತ್ತಿರಲಿಲ್ಲ. ಈರಣ್ಣ ಜೆ.ಪಿ. ನಗರದ ಆ ಅಂಚಿಗೇ ಸೇರಿದ ಜರಗನಹಳ್ಳಿಯಲ್ಲಿ ನೆಲಮಟ್ಟದ ಒಂದು ಮನೆ ನೋಡಿಟ್ಟಿದ್ದ. ಹಿಂದೆ ಅಲ್ಲೆಲ್ಲ ಹೊಲವಿದ್ದ ಕುಟುಂಬವೊಂದು ಕಟ್ಟಿಸಿದ ಸಾಲುಮನೆಗಳಲ್ಲಿ ಕೊನೆಯದು. ಅಂಗಳದಲ್ಲಿ ನಲ್ಲಿ, ಒಂದು ಕರಿಬೇವಿನ ಗಿಡ.

“ನಮ್ಮವ್ವ ಪಂಚಾಂಗ ನೋಡಸು ಅಂತಾಳ,” ಎಂದ ಒಂದು ಬೆಳಗ್ಗೆ. “ಏಳನೇ ತಿಂಗಳು ಹಿಡದ ಮ್ಯಾಲ ಮನಿ ಬದಲಿ ಮಾಡಬಾರದಂತ. ನೀವು ಪಂಚಾಂಗ ಬಿಟ್ಟು ಮ್ಯಾಪ್ ನೋಡಿ ಹೇಳ್ರಿ ಮೇಡಂ. ಆ ಬೀದ್ಯಾಗ ಕಾಮಣಿ ಐತೇನು?”

ಕಾಮಾಲೆಗೆ ಅವರ ಕಡೆ ಕಾಮಣಿ ಎನ್ನುತ್ತಾರೆ. ಆ ಭಾಗದ ಮನೆಗಳನ್ನು ಸುತ್ತಿದ್ದು ಅವನಲ್ಲ, ತಾತ್ಕಾಲಿಕವಾಗಿ ತೆಗೆದುಕೊಂಡಿದ್ದ ಬೇರೆಯವರು. ಈರಣ್ಣ ಆಗ ಕಾಯಿಲೆ ಇಲ್ಲದ ಬಡಾವಣೆಯನ್ನು ಹೋಲಿಸಿ ನೋಡಲೆಂದು ಯಡಿಯೂರಿನಲ್ಲಿ ಸುತ್ತುತ್ತಿದ್ದ. ಹಾಗಾಗಿ ಜರಗನಹಳ್ಳಿಯ ಸಂಗತಿ ಅವನಿಗೂ ನಕ್ಷೆಯಿಂದಲೇ ತಿಳಿಯಬೇಕಿತ್ತು.

ತೆಗೆದು ತೋರಿಸಿದೆ. ಚುಕ್ಕಿಗಳು ಆ ಬೀದಿಯ ಸುತ್ತಲೇ ಇದ್ದವು. ಮುರಿದ ಬಳೆಯ ತುಂಡಿನಂತೆ ಬಾಗಿದ ಒಂದು ಸಾಲು. ಒಂದು ಚುಕ್ಕಿ ಮಾತ್ರ ಗುಂಪು ಬಿಟ್ಟು ಕನಕಪುರ ರಸ್ತೆಯ ಪಕ್ಕ. ಎಷ್ಟು ಚುಕ್ಕಿ ಎಂದು ನಾನು ಬರೆಯುವುದಿಲ್ಲ. ಈ ಕತೆ ಹೇಳಿದಾಗಲೆಲ್ಲ ಆ ಸಂಖ್ಯೆ ಬದಲಾಗಿದೆ. ಬಳೆಯ ಆಕಾರ ಮಾತ್ರ ಬದಲಾಗಿಲ್ಲ.

ಈರಣ್ಣ ತುಂಬ ಹೊತ್ತು ನೋಡಿದ. “ಓನರ್ ಏನೂ ಇಲ್ಲ ಅಂದಳ್ರಿ,” ಎಂದ. ಆಮೇಲೆ ತಾನೇ, “ಯಾವ ಓನರ್ ಹೌದು ಅಂತಾಳ,” ಎಂದ. ಹೆಂಡತಿಗೆ ತೋರಿಸಲು ದೊಡ್ಡ ಹಾಳೆಯಲ್ಲಿ ಒಂದು ಬಣ್ಣದ ಪ್ರಿಂಟ್ ಕೇಳಿ ತೆಗೆದುಕೊಂಡು ಹೋದ. ಮಾರನೆಯ ದಿನ ಆ ಮನೆ ಬೇಡ ಎಂದು ಹೇಳಿ ಬಂದಿದ್ದ.

ಇದಾಗಿ ಹೆಚ್ಚು ದಿನ ಆಗಿರಲಿಲ್ಲ, ಯಡಿಯೂರಿನ ಮನೆಗಳನ್ನು ನಕ್ಷೆಗೆ ಹಾಕಿದೆ. ಕೆಲವು ಮನೆಗಳು ಅಲ್ಲಿನ ಕೆರೆಯ ನೀರಿನ ಮೇಲೆ ಬಿದ್ದವು. ನಮ್ಮ ಮುಖ್ಯಸ್ಥೆ, ನಾವು ಡಾಕ್ಟರ್ ಮೇಡಂ ಎನ್ನುತ್ತಿದ್ದವರು, ಬಂದು ನೋಡಿ ನಗತೊಡಗಿದರು.

“ಏನಪ್ಪ ಈರಣ್ಣ, ದೋಣೀಲಿ ಹೋಗಿ ಸರ್ವೆ ಮಾಡಿದ್ಯಾ? ಮೀನುಗಳೆಲ್ಲ ಆರೋಗ್ಯವಾಗಿದಾವಂತಾ?”

“ಇಲ್ರಿ ಮೇಡಂ, ಒಂದಕ್ಕ ನೆಗಡಿ ಐತಿ,” ಎಂದ ಈರಣ್ಣ.

ಆ ಕಾಲದಲ್ಲಿ ಈ ಕೆಲಸ ಮಾಡಿದ ಪ್ರತಿಯೊಬ್ಬರೂ ಒಮ್ಮೆಯಾದರೂ ಮಾಡಿರುವ ತಪ್ಪು ಅದು. ಭೂಮಿಯ ಆಕಾರವನ್ನು ಒಂದೊಂದು ಕಾಲದ ಅಳತೆಗಾರರು ಒಂದೊಂದು ರೀತಿ ಊಹಿಸಿಕೊಂಡಿದ್ದರು. ನಾವು ಚುಕ್ಕಿಗಳ ಕೆಳಗೆ ಹಾಸಿಕೊಂಡಿದ್ದ ಹಳೆಯ ಸರ್ವೆ ನಕ್ಷೆ ಒಂದು ಊಹೆಯ ಮೇಲೆ ನಿಂತದ್ದು, ಜಿಪಿಎಸ್ ಯಂತ್ರ ಇನ್ನೊಂದರ ಮೇಲೆ. ಒಂದರ ಅಂಕಿಗಳನ್ನು ಲೆಕ್ಕ ಬದಲಿಸದೆ ಇನ್ನೊಂದರ ಮೇಲೆ ಇಟ್ಟರೆ ನಮ್ಮೂರಿನಲ್ಲಿ ಪ್ರತಿ ಚುಕ್ಕಿಯೂ ವಾಯವ್ಯಕ್ಕೆ ಎರಡು ಬೀದಿಯಷ್ಟು ಸರಿದು ಕೂರುತ್ತದೆ. ಎಲ್ಲವೂ ಒಟ್ಟಿಗೆ ಸರಿಯುವುದರಿಂದ ಆಕಾರ ಕೆಡುವುದಿಲ್ಲ. ಬೀದಿಗಳು ಮಾತ್ರ ಇದ್ದರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕೆರೆ ಇದ್ದದ್ದರಿಂದ ಸಿಕ್ಕಿಬಿದ್ದೆವು.

ಸರಿಪಡಿಸಿದೆ. ಬಳೆಯ ತುಂಡು ಹಾಗೇ ಎದ್ದು ಆಗ್ನೇಯಕ್ಕೆ ಸರಿದು, ಬೇರೆ ಕೊಳವೆಯ ನೀರು ಬರುವ ಬೀದಿಗಳ ಮೇಲೆ ಕೂತಿತು. ಈರಣ್ಣ ನೋಡಿಟ್ಟಿದ್ದ ಮನೆಯ ಸುತ್ತ ಒಂದು ಚುಕ್ಕಿಯೂ ಉಳಿಯಲಿಲ್ಲ.

ಖಾಲಿ ಎಂದರೆ ಕಾಯಿಲೆ ಇಲ್ಲ ಎಂದೋ, ಯಾರೂ ಹೋಗಿ ಕೇಳಿಲ್ಲ ಎಂದೋ? ಅದು ಖಚಿತವಾಗಲಿ ಎಂದು ನಾನೂ ಈರಣ್ಣನೂ ಒಂದು ಮಧ್ಯಾಹ್ನ ಜರಗನಹಳ್ಳಿಗೆ ಹೋದೆವು. ನನ್ನ ನೆನಪು ಆ ದಿನಕ್ಕೆ ಮೋಡ ತಂದಿಡುತ್ತದೆ. ಆದರೆ ಅಂದು ಬಿಸಿಲಿತ್ತು. ಬೀದಿಯ ಉದ್ದಕ್ಕೂ ಹಳೆಯ ಸೀರೆಗಳ ಮೇಲೆ ಸಂಡಿಗೆ ಒಣಗುತ್ತಿತ್ತು, ತುಳಿಯದಂತೆ ಪಕ್ಕಕ್ಕೆ ಹೆಜ್ಜೆ ಇಟ್ಟದ್ದು ಕಾಲಿಗೆ ನೆನಪಿದೆ. ಮನೆಯೊಡತಿ ನಮ್ಮ ಕೈಯ ಯಂತ್ರ ನೋಡಿ ಬಾಗಿಲಲ್ಲೇ ನಿಲ್ಲಿಸಿದಳು.

“ಏನಮ್ಮಾ, ರೋಡ್ ಅಗಲ ಮಾಡೋಕೆ ಅಳೀತಿದ್ದೀರಾ? ಮೊದ್ಲೇ ಹೇಳ್ಬಿಡಿ, ಕಾಂಪೌಂಡ್ ಮುಟ್ಟೋಕೆ ಬಿಡಲ್ಲ.”

“ಕಾಂಪೌಂಡ್ ನಿಮ್ದ ಇರ್ಲಿ ಅಮ್ಮಾರ,” ಎಂದ ಈರಣ್ಣ. “ನಾವು ಕಾಮಣಿ ಅಳ್ಯಾಕ ಬಂದೀವಿ.”

“ಕಾಮಾಲೆನಾ? ಬಿಡ್ತು ಅನ್ನಪ್ಪ. ಅವತ್ತು ಮನೆ ಬೇಡ ಅಂದು ಹೋದೋನು ನೀನೇ ಅಲ್ವಾ? ನಮ್ ಬೀದೀಲಿ ಒಬ್ರಿಗೂ ಇಲ್ಲ. ಹೋಗಿ ಕೇಳ್ಕೊಂಡ್ ಬಾ.”

ಕೇಳಿದೆವು, ಬಾಗಿಲು ಬಾಗಿಲಿಗೂ. ಯಾರಿಗೂ ಇರಲಿಲ್ಲ. ತಿರುಗಿ ಬಂದಾಗ ಆಕೆಯ ಸಿಟ್ಟು ಇಳಿದಿತ್ತು. ಅಂಗಳದ ನಲ್ಲಿಯಿಂದ ಎರಡು ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟಳು. ಈರಣ್ಣ ಒಂದೇ ಉಸಿರಿಗೆ ಕುಡಿದ. ನಾನು ಲೋಟ ಹಿಡಿದು ನಿಂತೆ. ಸರಿಯಾದ ನಕ್ಷೆಯನ್ನು ಮಾಡಿದವಳು ನಾನು. ಬೀದಿ ಪೂರ್ತಿ ಕೇಳಿಕೊಂಡು ಬಂದವಳು ನಾನು. ಆದರೂ ಕೈ ಬಾಯಿಯವರೆಗೆ ಏಳಲಿಲ್ಲ. ಭಯ ಎನ್ನಲಾರೆ, ಮಲಗೆದ್ದಾಗ ಮೈಯ ಕೆಳಗೆ ಸಿಕ್ಕಿದ ಕೈ ನಮ್ಮದಲ್ಲವೆನ್ನುವಂತೆ ಇರುತ್ತದಲ್ಲ, ಹಾಗೆ. ಆಕೆ ಒಳಗೆ ತಿರುಗಿದ ಕೂಡಲೇ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿದೆ. ಈರಣ್ಣ ನೋಡಿದ.

ಆ ಭಾನುವಾರ ಬಿಟಿಎಂಗೆ ಹೋಗಿ ಸುವರ್ಣಾಗೆ ಹೇಳಿದೆ: ಮ್ಯಾಪ್ ತಪ್ಪಾಗಿತ್ತು, ಅಲ್ಲಿ ಏನೂ ಇಲ್ಲ, ಆ ಮನೆ ಇನ್ನೂ ಖಾಲಿ ಇದೆ. ಆಕೆ ಅಡುಗೆಮನೆಯಲ್ಲಿ ನೆಲದ ಮೇಲೆ ಗೋಡೆಗೊರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ತಪ್ಪಿತ್ತಂತ ಹ್ಯಾಂಗ ಗೊತ್ತಾತ್ರಿ ಅಕ್ಕಾರ?”

“ಕೆರೆ ಒಳಗೆ ಮನೆ ಬಿದ್ದಿದ್ವು.”

ನಕ್ಕಳು. ನಗು ನಿಂತ ಮೇಲೆ, “ಹಂಗಾರ ಚುಕ್ಕಿ ತಾವಾಗೇ ಅಲ್ಲಿ ಬಂದು ಕುಂತಿದ್ವು,” ಎಂದಳು.

“ಬಂದು ಕೂತಿದ್ದಲ್ಲ ಸುವರ್ಣ. ನಾವು ಕೂರ್ಸಿದ್ದು, ತಪ್ಪಾಗಿ.”

“ಯಾರರ ಕೂಡಸ್ರಿ. ನಾ ಅಲ್ಲಿ ಬರಂಗಿಲ್ಲ.”

“ಬಿ.ಕಾಂ. ಮಾಡೀದಿ ನೀ,” ಎಂದ ಈರಣ್ಣ ಬಾಗಿಲಲ್ಲಿ ನಿಂತು. “ನಮ್ಮವ್ವನಕಿಂತ ಕಡೆ ಆದಿ. ಈ ಮೆಟ್ಟಿಲ ಮ್ಯಾಲ ಬಿದ್ದಗಿದ್ದೀ ಅಂದರ?”

“ಮೆಟ್ಟಿಲು ಕಣ್ಣಿಗೆ ಕಾಣದಿದ್ರೂ ಕಾಲಿಗೆ ಗೊತ್ತಾಗತೈತಿ. ನೀರು ಯಾವುದಕ್ಕೂ ಗೊತ್ತಾಗಂಗಿಲ್ಲ.”

ಲೋಟದ ನೀರು ಚೆಲ್ಲಿದವಳು ಯಾವ ಬಾಯಿಂದ ವಾದ ಮಾಡಲಿ? ಆ ತಪ್ಪು ಪ್ರಿಂಟಾದರೂ ಕೊಡು, ಹರಿದುಹಾಕಬೇಕು ಎಂದೆ. ಆಕೆ ಕೈ ಎತ್ತಿ ಗೋಡೆಯ ಶೆಲ್ಫ್ ತೋರಿಸಿದಳು. ಬೇಳೆ, ಅಕ್ಕಿ, ರವೆಯ ಡಬ್ಬಿಗಳ ಕೆಳಗೆ ನಮ್ಮ ನಕ್ಷೆ ಹಾಸಿತ್ತು. ಅಂಚನ್ನು ಮಡಚಿ ಕತ್ತರಿಯಿಂದ ಹೂವಿನೆಸಳಿನ ಹಾಗೆ ಕತ್ತರಿಸಿದ್ದಳು. “ಇಷ್ಟು ಛಲೋ ಕಾಗದ. ಸುಮ್ಮನ ಒಗೀಲೇನ್ರಿ?”

ಆ ಮನೆಗೆ ಬೇರೆ ಬಾಡಿಗೆದಾರರು ಬಂದರು, ಯಾವುದೋ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿಯುವ ಗಂಡ ಹೆಂಡತಿ. ಮುಂದಿನ ವಾರಗಳು ನನಗೆ ಕಷ್ಟದವು. ಈರಣ್ಣ ಕೆಲಸಕ್ಕೆ ಅರ್ಧ ಗಂಟೆ ತಡವಾದರೆ ಕಬ್ಬಿಣದ ಮೆಟ್ಟಿಲು ಕಣ್ಣ ಮುಂದೆ ಬರುತ್ತಿತ್ತು. ನಕ್ಷೆಯ ಒಂದು ಲೆಕ್ಕ ಬದಲಿಸದೆ ಬಿಟ್ಟಿದ್ದರಿಂದ ಒಬ್ಬ ಬಸುರಿ ದಿನಕ್ಕೆ ಎರಡು ಸಲ ಆ ಮೆಟ್ಟಿಲು ಇಳಿದು ಹತ್ತುತ್ತಿದ್ದಾಳೆ ಎನ್ನುವುದು ತಲೆಯಿಂದ ಹೋಗುತ್ತಿರಲಿಲ್ಲ. ಆಫೀಸಿನ ಫೋನ್ ಬೆಳಗ್ಗೆ ಹೊಡೆದುಕೊಂಡರೆ ನಾನು ಎತ್ತುತ್ತಿರಲಿಲ್ಲ, ಡಾಕ್ಟರ್ ಮೇಡಂ ಎತ್ತಲಿ ಎಂದು ಕಾಯುತ್ತಿದ್ದೆ.

ಒಂದು ದಿನ ಅವರೇ ಎತ್ತಿದರು, ಬರೆದುಕೊಂಡರು, ನನ್ನ ಕಡೆ ತಿರುಗಿ, “ಮತ್ತೆ ಜಾಂಡೀಸ್. ಜರಗನಹಳ್ಳಿ. ಈ ಸಲ ಬೇರೆ ಬೀದಿ,” ಎಂದರು.

ತಾತ್ಕಾಲಿಕದವರು ಅಷ್ಟರಲ್ಲಿ ಬಿಟ್ಟುಹೋಗಿದ್ದರಿಂದ ಈರಣ್ಣನೇ ಹೋದ. ಮೂರು ನಾಲ್ಕು ದಿನ ಸುತ್ತಿ ಬಂದು ಯಂತ್ರವನ್ನು ನನ್ನ ಮೇಜಿನ ಮೇಲಿಟ್ಟ. ವೈರು ಸಿಕ್ಕಿಸಿದೆ. ನಮ್ಮ ಕಂಪ್ಯೂಟರ್ ನಿಧಾನದ್ದು, ಚುಕ್ಕಿಗಳನ್ನು ಒಂದೊಂದಾಗಿ ಇಡುತ್ತಿತ್ತು. ಒಂದು. ಇನ್ನೊಂದು. ಮೂರನೆಯದು ಬಿದ್ದಾಗ ನಾಲ್ಕನೆಯದು ಎಲ್ಲಿ ಬೀಳುತ್ತದೆಂದು ನನಗೆ ಗೊತ್ತಿತ್ತು. ಅಲ್ಲೇ ಬಿತ್ತು. ಆಮೇಲೆ ಬಳೆಯ ಬಾಗು. ಕೊನೆಗೆ, ಗುಂಪು ಬಿಟ್ಟು, ಕನಕಪುರ ರಸ್ತೆಯ ಪಕ್ಕ, ಒಂದು.

ಹಿಂದೆ ನಿಂತಿದ್ದ ಈರಣ್ಣ ಮೆಲ್ಲಗೆ ಕೇಳಿದ: “ಮೇಡಂ, ಇದು ಹಳೇದಲ್ರಿ?”

“ಅಲ್ಲ ಈರಣ್ಣ. ಈಗ ತಾನೇ ನೀವು ತಂದಿದ್ದು.”

ಲೆಕ್ಕ ಪರೀಕ್ಷಿಸಿದೆ. ಮತ್ತೆ ಪರೀಕ್ಷಿಸಿದೆ. ಈ ಸಲ ಎಲ್ಲವೂ ಸರಿಯಿತ್ತು. ಮನೆಗಳು ಬೀದಿಯಲ್ಲಿದ್ದವು, ಕೆರೆ ಖಾಲಿಯಿತ್ತು. “ಆ ಕೊನೇ ಮನೇಲಿ?” ಎಂದೆ. “ಇಲ್ರಿ,” ಎಂದ. “ಆ ಗಂಡ ಹೆಂಡ್ತಿಗೆ ಏನೂ ಆಗಿಲ್ಲ. ಆಜೂಬಾಜೂ ಎಲ್ಲಾರಿಗೂ ಐತಿ.” ಆಮೇಲೆ ಹೊರಗೆ ಹೋಗಿ ತನ್ನ ಬೈಕಿನ ಮೇಲೆ ಕೂತ. ಎಲ್ಲಿಗೂ ಹೊರಡಲಿಲ್ಲ.

ನಿಮಗೆ ಹೊಳೆಯುತ್ತಿರುವ ವಿವರಣೆಗಳೆಲ್ಲ ನನಗೂ ಹೊಳೆದಿವೆ. ಬೇರೆ ಬೇರೆ ಎಂದುಕೊಂಡಿದ್ದ ಎರಡು ಕೊಳವೆಗಳು ಎಲ್ಲೋ ಒಂದು ಕಡೆ ಕೂಡಿರಬಹುದು. ಕಾಯಿಲೆ ಪಕ್ಕದ ಬೀದಿಗೆ ಹೋಗುವುದು ಅಚ್ಚರಿಯಲ್ಲ. ಒಂದೇ ತರಹದ ಬೀದಿಗಳು, ಒಂದೇ ತರಹದ ತಿರುವುಗಳು. ಮನೆಗಳ ಗುಂಪು ಎಲ್ಲಿ ಬಿದ್ದರೂ ಸುಮಾರಾಗಿ ಅದೇ ಆಕಾರ ಬರಬಹುದು. ಇವೆಲ್ಲಕ್ಕಿಂತ ಬಲವಾದ ಅನುಮಾನ ನನ್ನ ಮೇಲೆ. ಹೊಸದನ್ನು ನೋಡಿದ ಮೇಲೆ ಹಳೆಯದರ ನೆನಪನ್ನು ಅದಕ್ಕೆ ತಕ್ಕಂತೆ ಬಗ್ಗಿಸಿಕೊಂಡೆನೇ? ಬಳೆಯ ತುಂಡು ಎಂಬ ಹೋಲಿಕೆ ನನಗೆ ಮೊದಲ ಸಲ ಯಾವಾಗ ಬಂತು? ಅದಕ್ಕೆ ಪರಿಹಾರವಿತ್ತು. ಹಳೆಯ ಪ್ರಿಂಟ್ ಬೇಳೆ ಡಬ್ಬಿಗಳ ಕೆಳಗಿತ್ತು.

ಆದರೆ ಕೂಡಲೇ ಹೋಗಲಾಗಲಿಲ್ಲ. ಆಕೆಗೆ ದಿನ ತುಂಬುತ್ತಿತ್ತು. ಆ ಸಮಯದಲ್ಲಿ ಮನೆಗೆ ಹೋಗಿ ಆ ಹಾಳೆಯನ್ನು ಎಳೆಯುವ ಧೈರ್ಯ ನನಗಿರಲಿಲ್ಲ. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಈರಣ್ಣನ ತಾಯಿ ಊರಿನಿಂದ ಬಂದಿದ್ದರು. ನಾನು ಮಗುವಿಗೆ ಒಂದು ಟೋಪಿ, ಸ್ವೆಟರ್ ತೆಗೆದುಕೊಂಡೆ. ಅದೇ ಚೀಲದಲ್ಲಿ, ಹೊಸ ಚುಕ್ಕಿಗಳನ್ನು ಅದೇ ಅಳತೆಯಲ್ಲಿ ಅಚ್ಚು ಹಾಕಿದ ಒಂದು ಪಾರದರ್ಶಕ ಹಾಳೆ ಇಟ್ಟುಕೊಂಡೆ.

ಮಗುವನ್ನು ಎತ್ತಿಕೊಂಡೆ, ಟೋಪಿ ದೊಡ್ಡದಾಯಿತು ಎಂದು ಎಲ್ಲರೂ ನಕ್ಕೆವು. ಈರಣ್ಣನ ತಾಯಿ ಬಿಸಿಲು ಕಾಯಿಸಲು ಮಗುವನ್ನು ಮಹಡಿಯ ಮೂಲೆಗೆ ಒಯ್ದರು. ನಾನು ಮಾತು ಹುಡುಕುತ್ತಿರುವಾಗ ಸುವರ್ಣ ಎದ್ದಳು. “ಕೂಸಿನ ಕೂಡ ಅದನ್ನೂ ನೋಡಾಕ ಬಂದೀರಿ,” ಎಂದಳು. “ನಮ್ಮನಿಯವರು ಹೇಳ್ಯಾರ. ಬರ್ರಿ.” ಇಬ್ಬರೂ ಸೇರಿ ಡಬ್ಬಿಗಳನ್ನು ಇಳಿಸಿದೆವು.

ಹಾಳೆಯ ತುಂಬ ಡಬ್ಬಿಗಳ ತಳದ ಉಂಗುರಗಳು, ಎಣ್ಣೆಯ ಕಲೆ, ಅರಿಶಿನ. ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು, ಕನಕಪುರ ರಸ್ತೆಯ ಗೆರೆಗೆ ಗೆರೆ ಕೂಡಿಸಿದೆ. ಚುಕ್ಕಿಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಹೆಚ್ಚುಕಡಿಮೆ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಬೆರಳು ಇಟ್ಟುಕೊಂಡು ಒಂದೊಂದನ್ನೂ ದಾಟುತ್ತಾ ಹೋದೆ. ಒಂದು ಉಳಿಯಿತು. ಕೆಳಗಿನ ಹಾಳೆಯಲ್ಲಿದ್ದು ಮೇಲಿನದರಲ್ಲಿ ಇಲ್ಲದ್ದು. ಸಾಲುಮನೆಗಳ ಕೊನೆಯ ಮನೆಯ ಮೇಲೆ.

ಅದು ನಮ್ಮ ಪ್ರಿಂಟಿನ ಚುಕ್ಕಿಯೇ? ಹೆಂಡತಿಗೆ ಮನೆ ತೋರಿಸಲು ಈರಣ್ಣ ಕೆಂಪು ಪೆನ್ನಿನಿಂದ ಇಟ್ಟದ್ದೇ? ಕುಂಕುಮವೇ? ಆಮೇಲೆ ಈರಣ್ಣನನ್ನು ಕೇಳಿದಾಗ ಒಮ್ಮೆ ಇಟ್ಟಿದ್ದೆ ಎಂದ, ಇನ್ನೊಮ್ಮೆ ಬೆರಳಿನಿಂದ ತೋರಿಸಿದ್ದೆ ಅಷ್ಟೆ ಎಂದ. ಅಂದು ಆ ಅಡುಗೆಮನೆಯಲ್ಲಿ ನಾನು ಬೆರಳ ತುದಿಯನ್ನು ಒದ್ದೆ ಮಾಡಿ ಅದರ ಹತ್ತಿರ ಒಯ್ದೆ. ಉಜ್ಜಿದರೆ ಯಾವುದೆಂದು ತಿಳಿಯುತ್ತಿತ್ತೇನೋ. ಸುವರ್ಣ ನನ್ನ ಮಣಿಕಟ್ಟು ಹಿಡಿದಳು. ಬಿಗಿಯಾಗೇನಲ್ಲ.

“ಒರಸಬ್ಯಾಡ್ರಿ ಅಕ್ಕಾರ. ಅದು ಅಲ್ಲೇ ಇರ್ಲಿ.”

ಡಬ್ಬಿಗಳನ್ನು ಮತ್ತೆ ಮೇಲಿಟ್ಟೆವು. ಅಕ್ಕಿಯ ಡಬ್ಬಿಯನ್ನು ಆಕೆ ಸರಿಯಾಗಿ ಆ ಜಾಗದ ಮೇಲೆ ಇಟ್ಟಳು.

ಮುಂದೆ ಎಷ್ಟೋ ದಿನದ ಮೇಲೆ ಮೊದಲ ಕಾಮಾಲೆಯ ಚುಕ್ಕಿಗಳನ್ನು ಕಂಪ್ಯೂಟರಿನಲ್ಲಿ ಬೇಕೆಂದೇ ಮತ್ತೆ ತಪ್ಪಾಗಿ ಸರಿಸಿ ನೋಡಿದೆ. ಒಂದು ಚುಕ್ಕಿ ಆ ಮನೆಯ ಹತ್ತಿರ ಬೀಳುತ್ತದೆ. ಮನೆಯ ಮೇಲೆ ಎಂದು ಹೇಳಲಾರೆ. ಆ ಯಂತ್ರಗಳ ಅಳತೆಯಲ್ಲಿ ಒಂದು ಮನೆಯಷ್ಟು ಅಗಲದ ಅನಿಶ್ಚಿತತೆ ಯಾವಾಗಲೂ ಇರುತ್ತಿತ್ತು.

ಮಗು ನಡೆಯುವ ಹೊತ್ತಿಗೆ ಅವರು ಕತ್ರಿಗುಪ್ಪೆಯಲ್ಲಿ ಮನೆ ನೋಡಿದರು. ನಾನು ಆಗ ಬೇರೆ ಕೆಲಸಕ್ಕೆ ಸೇರಿದ್ದೆ, ಆದರೆ ನಕ್ಷೆಗಳು ನನ್ನ ಬಳಿ ಇದ್ದವು. ಈರಣ್ಣ ಫೋನ್ ಮಾಡಿ ಆ ಬೀದಿಯದೊಂದು ತೆಗೆದುಕೊಡಿ ಎಂದ. ಆಗಲಿ ಎಂದೆ. ಹಿಂದಿನಿಂದ ಸುವರ್ಣಾಳ ದನಿ ಕೇಳಿಸಿತು: “ಸರಿ ಇದ್ದದ್ದು ಒಂದ ಅಲ್ಲ. ತಪ್ಪಿದ್ದದ್ದೂ ಒಂದು ಮಾಡಾಕ ಹೇಳ್ರಿ.” ಈರಣ್ಣ ನಕ್ಕ. ನಾನೂ ನಕ್ಕೆ.

ಎರಡೂ ಮಾಡಿದೆ. ಸರಿಯಾದದ್ದನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟೆ. ತಪ್ಪಿದ್ದನ್ನು ಮುಂದಿಟ್ಟುಕೊಂಡು ಸಂಜೆಯವರೆಗೆ ಕೂತಿದ್ದೆ.